ಸದ್ದಿಲ್ಲದ ಕಾರಿಗೊಂದು ಗಂಟೆ

ಹಾನುಬಾಳಿನ ಮಂಜಿನೊಳಗೆ ಬೆಳಗಿನ ಜಾವ ಹಸುವಿನ ಗಂಟೆಯೊಂದು ಟಣ್ ಟಣ್ ಎನ್ನುತ್ತದೆ. ಎಸ್ಟೇಟ್ ಕೆಲಸಕ್ಕೆ ಹೊರಟ ಹೆಂಗಸರು ರಸ್ತೆಯ ಪಕ್ಕಕ್ಕೆ ಸರಿಯುತ್ತಾರೆ. ಹಸು ಬರುವುದಿಲ್ಲ. ಬಿಳಿ ಕಾರೊಂದು ಉಸಿರೂ ಬಿಡದೆ ಅವರನ್ನು ದಾಟಿ ಮತ್ತೆ ಮಂಜಿಗೆ ಸೇರಿಕೊಳ್ಳುತ್ತದೆ.

ಓಡಿಸುತ್ತಿರುವವರು ಚಂದ್ರಿಕಾ. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತವರು ಮೀನಾಕ್ಷಮ್ಮ. ತೋಟದಲ್ಲಿ ಕಾಫಿ ಕೊಯ್ದೇ ಬದುಕಿದವರು, ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಹಾಸನದಲ್ಲಿ ಡಯಾಲಿಸಿಸ್. ಮೊದಲ ಬಸ್ಸು ಹಾಸನ ಮುಟ್ಟುವ ಹೊತ್ತಿಗೆ ಅವರ ಸರದಿ ದಾಟಿಹೋಗಿರುತ್ತದೆ. ಸರದಿ ತಪ್ಪಿದರೆ ಕಾಲು ಊದಿ, ರಾತ್ರಿಯೊಳಗೆ ಉಸಿರು ಕಟ್ಟುತ್ತದೆ.

ಗಂಡ ಬೆನ್ನುನೋವು ಬಂದು ಮಲಗಿದ ಮೇಲೆ ಅವರ ಬಾಡಿಗೆಯ ಡೀಸೆಲ್ ಜೀಪನ್ನು ಚಂದ್ರಿಕಾ ಓಡಿಸಿದರು. ಅದೂ ಕೆಟ್ಟಾಗ ಮಾರಿ ಈ ಹಳೇ ಎಲೆಕ್ಟ್ರಿಕ್ ಕಾರು ತಂದರು. ಏರಿನಲ್ಲಿ ತಳ್ಳುವುದಕ್ಕೆ ಆಳು ಇಟ್ಟುಕೋ ಎಂದು ಊರು ನಕ್ಕಿತು. ಹೋಟೆಲ್ ಶಾಂತಮಲ್ಲಪ್ಪ ಈಗಲೂ ಬಿಡುವುದಿಲ್ಲ. "ನಿನ್ ಕಾರು ಸತ್ತೋರು ಬಂದಂಗೆ ಬತ್ತದೆ ಕಣವ್ವ. ಬೆನ್ನಿಂದೆ ನಿಂತ್ರೂ ಗೊತ್ತಾಗಲ್ಲ."

"ಸತ್ತೋರು ನಿಮ್ ಕಾಫಿ ಕುಡಿಯಕ್ಕೆ ಬರ್ತಾರಾ ಮಾವ?"

ಪೂರ್ತಿ ಚಾರ್ಜ್ ಇದ್ದರೆ ಕಾರು ಈ ಏರಿಳಿತದಲ್ಲಿ ನೂರೈವತ್ತು ಕಿಲೋಮೀಟರ್ ಓಡುತ್ತದೆ. ಹಾಸನಕ್ಕೆ ಹೋಗಿ ಬರುವುದೇ ನೂರಿಪ್ಪತ್ತು. ಗಾಜಿನ ಮಂಜು ಕರಗಿಸಲು ಹೀಟರ್ ಹಾಕಿದರೆ ಅದಕ್ಕೂ ಕೊರತೆ. ಹಾಗಾಗಿ ಕೈಯಲ್ಲೊಂದು ಬಟ್ಟೆ, ಕಿಟಕಿ ತೆರೆದೇ ಪಯಣ. ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಅರ್ಧವೇ ಇರುತ್ತದೆ. ಆದರೂ ನಡೆಯುತ್ತದೆ ಎನ್ನುತ್ತಾರೆ ಚಂದ್ರಿಕಾ. "ಆಸ್ಪತ್ರೆ ಹತ್ರಾನೇ ಚಾರ್ಜ್ ಪಾಯಿಂಟ್ ಐತೆ. ಒಳಗೆ ಅಮ್ಮಂಗೆ ನಾಲ್ಕು ಗಂಟೆ ರಕ್ತ ತೊಳೀತಾರೆ, ಹೊರಗೆ ಕಾರಿಗೆ ಕರೆಂಟ್ ತುಂಬ್ತದೆ. ಇಬ್ರೂ ವೈರಲ್ಲೇ ಬದ್ಕೋದು."

ಕಷ್ಟವೆಲ್ಲ ಸದ್ದಿನದು. ಇಲ್ಲಿ ಮಂಜಿನಲ್ಲಿ ಜನ ರಸ್ತೆಯ ನಡುವೆಯೇ ನಡೆಯುತ್ತಾರೆ. ಇಂಜಿನ್ ಕೇಳಿಸಿದಾಗ ಸರಿಯುತ್ತಾರೆ. ಕಾರು ತಂದ ಹೊಸದರಲ್ಲಿ ಒಬ್ಬ ಹೆಂಗಸಿನ ಸೀರೆಗೆ ಬಂಪರ್ ತಾಗುವಷ್ಟು ಹತ್ತಿರ ಹೋಗಿ ಬ್ರೇಕ್ ಹಾಕಿದ್ದರು. "ಆವಮ್ಮ ಕಿರುಚ್ಲಿಲ್ಲ ಕಣ್ರೀ. ತಿರುಗಿ ಸುಮ್ನೆ ನೋಡ್ತು, ನಾನೇ ಬದುಕಿಲ್ದೋಳು ಅನ್ನಂಗೆ." ಅಂದೇ ಸಂಜೆ ಕೊಟ್ಟಿಗೆಯ ಗಂಟೆ ಕಾರಿನ ಮುಂದೆ ಬಂತು.

ಆದರೆ ಆನೆ ಓಡಾಡುವ ತಿರುವಿನಲ್ಲಿ ಗಂಟೆ ಬೇಡ. ಅಲ್ಲಿಗಿಂತ ಮೊದಲೇ ಇಳಿದು ಅದರ ಬಾಯಿಗೆ ಬಟ್ಟೆ ತುರುಕುತ್ತಾರೆ. ಹೋದ ಚಳಿಗಾಲದ ಒಂದು ದಿನ, ಅರ್ಧ ಚಾರ್ಜಿನಲ್ಲಿ ತಡವಾಗಿ ಹೊರಟ ಗಡಿಬಿಡಿಯಲ್ಲಿ, ಅದನ್ನು ಮರೆತರು.

ತಿರುವಿನಲ್ಲಿ ಮಂಜು ಕಪ್ಪಾಗಿ ಕಂಡಿತು. ಕಾರು ನಿಲ್ಲಿಸಿದರು. ಗಂಟೆಯೂ ನಿಂತಿತು. ಕಪ್ಪು ಅಲುಗಾಡಿತು, ಎರಡಾಯಿತು, ಕಾರಿನ ಎರಡೂ ಬದಿಗೆ ಬಂದಿತು. ತೆರೆದ ಕಿಟಕಿಯಲ್ಲಿ ಒದ್ದೆ ಮಣ್ಣಿನ ವಾಸನೆಯ ಬಿಸಿ ಉಸಿರು.

ಆಮೇಲೆ, ನಿಂತ ಕಾರಿನ ಗಂಟೆ ತಾನಾಗಿ ಸದ್ದು ಮಾಡತೊಡಗಿತು.

ಮೆಲ್ಲಗೆ, ಬಿಟ್ಟು ಬಿಟ್ಟು, ದನಿ ಹೇಗಿದೆ ಎಂದು ಪರೀಕ್ಷಿಸುವ ಹಾಗೆ. ಬಳಿಕ ಹಗ್ಗ ಫಟ್ ಎಂದಿತು. ಗಂಟೆಯ ಸದ್ದು ಕಾಫಿ ಗಿಡಗಳೊಳಗೆ ದೂರವಾಗುತ್ತಾ ಹೋಯಿತು.

"ತಗೊಂಡ್ ಹೋಗ್ಲಿ ಬುಡೇ, ನನ್ನ ಬುಟ್ಟು," ಎಂದು ಪಿಸುಗುಟ್ಟಿದರಂತೆ ಮೀನಾಕ್ಷಮ್ಮ. ಸರದಿಗೆ ಸರಿಯಾಗಿ ತಲುಪಿದರು.

"ಜೀಪಾಗಿದ್ರೆ ಇಂಜಿನ್ ಗುರ್ರ್ ಅನ್ನೋದಕ್ಕೆ ಆನೆಗ್ಳು ಮೈಮೇಲೆ ಬಂದ್ಬುಡ್ತಿದ್ವು," ಎನ್ನುತ್ತಾರೆ ಚಂದ್ರಿಕಾ. "ಇದು ನಿಂತ್ರೆ ಕಲ್ಲು ನಿಂತಂಗೆ. ಚಾರ್ಜೂ ಇಳಿಯಲ್ಲ."

ಆ ಗಂಟೆಯನ್ನು ತೋಟದವರು ಹುಡುಕಿದರು, ಸಿಗಲಿಲ್ಲ. ಹೊಸದು ಕಟ್ಟಿದ್ದಾರೆ. ಆದರೆ ಕಾರು ಹಾಸನದಲ್ಲಿ ವೈರಿಗೆ ಸಿಕ್ಕಿಸಿ ನಿಂತಿರುವ ಬೆಳಿಗ್ಗೆಗಳಲ್ಲೂ ಆ ತಿರುವಿನಲ್ಲಿ ಗಂಟೆ ಕೇಳುತ್ತದೆಂದು ಹೆಂಗಸರು ಹೇಳುತ್ತಾರೆ. ಪಕ್ಕಕ್ಕೆ ಸರಿದು ಕಾಯುತ್ತಾರೆ. ಏನೋ ದಾಟಿದ ಹಾಗಾಗುತ್ತದೆ, ಕಾರಲ್ಲ.

ಹಾನುಬಾಳಿಗೂ ಒಂದು ಚಾರ್ಜ್ ಪಾಯಿಂಟ್ ಬರಲಿ, ಅಷ್ಟೇ ಚಂದ್ರಿಕಾ ಅವರ ಆಸೆ. ಆ ಇನ್ನೊಂದು ಗಂಟೆಯ ವಿಷಯ ಕೇಳಿದರೆ ಗಾಜು ಒರೆಸುತ್ತಲೇ ನಗುತ್ತಾರೆ.

"ಜನ ಪಕ್ಕಕ್ಕೆ ಸರ್ಕೊಂಡ್ರೆ ಸಾಕು ಕಣ್ರೀ. ಯಾರ ಗಂಟೆ ಆದ್ರೇನು."