ಗ್ವಾಡೆಯಿಂದ ಬಾ, ಪಾಪ

ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಹುಣಸೆಬೀಜದಂತೆ ನುಣ್ಣಗಿದ್ದವು. ಗೆರೆಗಳೇ ಇರಲಿಲ್ಲ. ಹಾಲಿನ ಫ್ಯಾಟ್ ನೋಡಲು ವರ್ಷಗಟ್ಟಲೆ ಆಸಿಡ್ ಮುಟ್ಟಿ ಮುಟ್ಟಿ, ಬೆರಳ ತುದಿಯ ಚರ್ಮ ಸುಟ್ಟು, ಹೊಸದು ಬಂದು, ಮತ್ತೆ ಸುಟ್ಟು ಹಾಗಾಗಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನು ಅವರನ್ನು ಯಾವತ್ತೂ ಒಪ್ಪಿಕೊಂಡಿದ್ದಿಲ್ಲ. ಬೆರಳು ಒತ್ತಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿ ನೋಡುತ್ತಿದ್ದರು. ಕೊನೆಗೆ "ಇದ್ರ ಲೆಕ್ಕದಾಗೆ ನಾನು ಹುಟ್ಟೇ ಇಲ್ಲ ಬುಡಪ್ಪ" ಎಂದು ನಕ್ಕು, ಮನೆಗೆ ಹೋಗಿ ಗಂಡನನ್ನು ಕಳಿಸುತ್ತಿದ್ದರು.

ಅವರು ನಮ್ಮೂರಿನ ಹಾಲಿನ ಡೈರಿಯ ಸೆಕ್ರೆಟರಿ. ಊರಿಗೆಲ್ಲ ಸೆಕ್ರೆಟರಮ್ಮ, ನನಗೆ ಅಕ್ಕ. ನಮ್ಮೂರು ಮಧುಗಿರಿಗೂ ಕೊರಟಗೆರೆಗೂ ನಡುವೆ, ದೊಡ್ಡ ರಸ್ತೆಯಿಂದ ಒಳಗಿದೆ. ಅಕ್ಕನ ತವರು ಪಾವಗಡದ ಕಡೆಯ ಕ್ಯಾತಗಾನಚೆರ್ಲು. ಅವರಪ್ಪನ ಹೊಲವೆಲ್ಲ ಈಗ ಸೋಲಾರ್ ಪಾರ್ಕಿನೊಳಗಿದೆ. ತವರಿಗೆ ಹೋಗಿಬಂದಾಗಲೆಲ್ಲ "ಕಡ್ಲೇಕಾಯಿ ಕಿತ್ತಿದ್ ಜಾಗ ಯಾವ್ದು ಅಂತ ಗುರ್ತೇ ಸಿಗಾಕಿಲ್ಲ, ಎಲ್ಲಾ ಗಾಜು" ಎನ್ನುತ್ತಿದ್ದರು. ಅದನ್ನು ದುಃಖದಿಂದ ಹೇಳಿದ್ದು ನಾನು ಕೇಳಿಲ್ಲ, ದಾರಿಯಲ್ಲಿ ಬಸ್ಸು ಕೆಟ್ಟಿತ್ತು ಎನ್ನುವ ಹಾಗೆ ಹೇಳುತ್ತಿದ್ದರು. ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ತಮಗಿಂತ ಚಿಕ್ಕವರೆಲ್ಲ ಅವರಿಗೆ "ಪಾಪ".

ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಶಿರಾ ಹತ್ತಿರ ಹೈವೇಯಲ್ಲಿ ಆಕ್ಸಿಡೆಂಟಾಗಿ ನನ್ನ ಗಂಡ ಹೋಗಿಬಿಟ್ಟಿದ್ದ. ತವರಿಗೆ ವಾಪಸು ಬಂದು ಅಮ್ಮನ ಮನೆಯ ಜಗಲಿಯ ಮೇಲೆ ಕೂತಿರುತ್ತಿದ್ದೆ. ಗಟ್ಟಿಯಾಗಿ ಅಳಲಿಲ್ಲ ಎಂದು ಜನ ಆಡಿಕೊಂಡರು. ಬಂದಿದ್ದರೆ ಅಳುತ್ತಿದ್ದೆ, ಬರಲಿಲ್ಲ. ಊಟ ಇಟ್ಟರೆ ಉಣ್ಣುತ್ತಿದ್ದೆ, ಎದ್ದೇಳು ಎಂದರೆ ಏಳುತ್ತಿದ್ದೆ. ಸುಮ್ಮನೆ ಕೂರಬಾರದೆಂದು ಅಮ್ಮ ಹಾಲು ಹಾಕಿ ಬರಲು ಡೈರಿಗೆ ಕಳಿಸತೊಡಗಿದಳು. ಅಲ್ಲಿ ಒಂದು ದಿನ ಅಕ್ಕ ನನ್ನನ್ನು ದಿಟ್ಟಿಸಿ ನೋಡಿ, "ಏಮ್ ಪಾಪ, ಕೀಬೋರ್ಡ್ ಒತ್ತಾಕ್ ಬತ್ತದಾ?" ಎಂದರು.

"ಬತ್ತದೆ."

"ಅಂಗಾರೆ ನಾಳೆಯಿಂದ ಇಲ್ಲೇ ಬಾ."

ಅಯ್ಯೋ ಪಾಪ ಎನ್ನಲಿಲ್ಲ, ಇಷ್ಟು ಚಿಕ್ಕ ವಯಸ್ಸಿಗೆ ಎನ್ನಲಿಲ್ಲ. ನಾನು ಹೋದದ್ದೂ ಅದಕ್ಕೇ.

ಡೈರಿಯಲ್ಲಿ ಮೊದಲು ನಂಬರು ಕೂಗುವ ಪದ್ಧತಿಯಿತ್ತು. ಹಾಲು ತಂದವರು ಮನೆಯ ನಂಬರು ಹೇಳಬೇಕು, ಹಾಲು ಆ ನಂಬರಿಗೆ ಸೇರಬೇಕು. ನಂಬರು ಇರುತ್ತಿದ್ದದ್ದು ಮನೆಯ ಗಂಡಸಿನ ಹೆಸರಿನಲ್ಲಿ. ಹಸುವಿಗೆ ಹುಲ್ಲು ಕೊಯ್ದು, ಸಗಣಿ ಬಾಚಿ, ಹಾಲು ಕರೆದು, ಹೊತ್ತು ತಂದವಳ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಅಕ್ಕ ಸಭೆಯಲ್ಲಿ ಜಗಳವಾಡಿ, ಹಸು ನೋಡಿಕೊಳ್ಳುವ ಒಬ್ಬೊಬ್ಬ ಹೆಂಗಸಿಗೂ ಅವಳದೇ ಹೆಸರಿನ, ಎಟಿಎಂ ಕಾರ್ಡಿನಂತೆ ಚಿಪ್ ಇರುವ ಕಾರ್ಡು ಮಾಡಿಸಿದರು. ಹೆಬ್ಬೆಟ್ಟು ಸಾಕಲ್ಲ ಎಂದವರಿಗೆ ತಮ್ಮ ಬೆರಳು ತೋರಿಸಿದರು. ಹಾಲು ಕರೆದು ಕರೆದು ಬೆರಳು ಸವೆಸಿಕೊಂಡ ಬೇರೆ ಹೆಂಗಸರನ್ನೂ ಎಬ್ಬಿಸಿ ನಿಲ್ಲಿಸಿದರು. ಕಾರ್ಡನ್ನು ಮೇಜಿನ ಮೇಲಿನ ರೀಡರಿಗೆ ತೂರಿಸಿದರೆ ಕಂಪ್ಯೂಟರಿನ ಪರದೆಯ ತುಂಬ ದೊಡ್ಡ ಕನ್ನಡ ಅಕ್ಷರದಲ್ಲಿ ಅವಳ ಹೆಸರು ಬರುತ್ತಿತ್ತು. ಕೆಲವರು ತಮ್ಮ ಹೆಸರನ್ನು ಅಷ್ಟು ದೊಡ್ಡದಾಗಿ ಇನ್ನೆಲ್ಲೂ ಕಂಡಿರಲಿಲ್ಲ. ಹಾಲು ಸುರಿದ ಮೇಲೂ ಸ್ವಲ್ಪ ಹೊತ್ತು ನಿಂತು ನೋಡಿ ಹೋಗುತ್ತಿದ್ದರು.

ಡೈರಿಯ ಅಧ್ಯಕ್ಷರಿಗೆ ಇದು ಹಿಡಿಸಿರಲಿಲ್ಲ. ಕೆಟ್ಟವರಲ್ಲ, ಹೊಸದೇನು ಬಂದರೂ ಹೊಟ್ಟೆನೋವು ಬರುವ ಜಾತಿ. "ಆಗ್ಲಿ ಕಣಮ್ಮ. ಆದ್ರೆ ನಿನ್ ಮಿಷನ್ ಒಂದ್ ಹೊತ್ತು ಕೈಕೊಟ್ರೂ ಮತ್ತೆ ನಂಬ್ರು ಕೂಗೋದೇ" ಎಂದು ಎಲ್ಲರ ಮುಂದೆ ಹೇಳಿದ್ದರು. ಆ ಮಾತು ಅಕ್ಕನ ತಲೆಯ ಮೇಲೆ ಕತ್ತಿಯಂತೆ ತೂಗುತ್ತಿತ್ತು.

ಮದುವೆಗೆ ಮುಂಚೆ ಅಕ್ಕ ಶಿರಾದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದವರು. ಡೈರಿಯ ಹಳೆಯ ಕಂಪ್ಯೂಟರು ವೈರಸ್ ಹತ್ತಿ ಏಳಲಾರದೆ ಬಿದ್ದಾಗ, ಅದರಲ್ಲಿದ್ದುದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದ್ದರು. ಯಾರು ಬೇಕಾದರೂ ತೆಗೆದುಕೊಂಡು, ಬಿಚ್ಚಿ ನೋಡಿ, ಬಳಸಬಹುದಾದ ವ್ಯವಸ್ಥೆ ಅದು. ಹಾಲಿನ ಲೆಕ್ಕದ ಪ್ರೋಗ್ರಾಮನ್ನು ಶಿರಾದ ಹಳೆಯ ಗೆಳತಿಯೊಬ್ಬಳಿಂದ ಬರೆಸಿಕೊಂಡಿದ್ದರು. ಎಲ್ಲ ಚೆನ್ನಾಗಿತ್ತು, ರೀಡರ್ ಒಂದು ಬಿಟ್ಟು. ಅದು ಮನಸ್ಸು ಬಂದಾಗ ಓದುತ್ತಿತ್ತು, ಬಾರದಾಗ ಕಣ್ಣು ಮುಚ್ಚಿ ಕೂರುತ್ತಿತ್ತು. ಮಾರಿದವರಿಗೆ ಫೋನು ಮಾಡಿದರೆ "ಲಿನಕ್ಸ್ ನಮಗೆ ಗೊತ್ತಿಲ್ಲ ಮೇಡಂ" ಎಂದು ಇಟ್ಟುಬಿಡುತ್ತಿದ್ದರು.

ಹಾಗೆ ಕೈಕೊಟ್ಟಾಗಲೆಲ್ಲ ನಾನು ಗಾಬರಿಯಾಗಿ ಕಾರ್ಡನ್ನು ತೆಗೆದು, ಹಾಕಿ, ಊದಿ, ಮತ್ತೆ ಹಾಕಿ ಒದ್ದಾಡುತ್ತಿದ್ದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿ, "ಗ್ವಾಡೆಯಿಂದ ಬಾ, ಪಾಪ" ಎನ್ನುತ್ತಿದ್ದರು. ಗೋಡೆ ಎಂದರೆ ಕರೆಂಟಿನ ಪ್ಲಗ್ಗು. ಅಲ್ಲಿಂದ ಶುರುಮಾಡಿ ಕಾರ್ಡಿನವರೆಗೆ ಒಂದೊಂದೇ ಮೆಟ್ಟಿಲು ಬರಬೇಕು, ಯಾವುದನ್ನೂ ಹಾರಬಾರದು. ಪ್ಲಗ್ಗು ನೋಡು. ರೀಡರಿನ ವಯರು ನೋಡು. ಕಪ್ಪು ಪರದೆಯಲ್ಲಿ ಕಮಾಂಡ್ ಕೊಟ್ಟು, ಕಂಪ್ಯೂಟರಿಗೆ ರೀಡರು ಕಾಣುತ್ತಿದೆಯಾ ಕೇಳು. ಕಂಡರೆ, ರೀಡರಿನ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಡ್ರೈವರು ಸರಿಯಾಗಿ ಕೂತಿದೆಯಾ ನೋಡು. ಕಾರ್ಡು ಬರುವುದನ್ನೇ ಕಾದು ಕೂತು, ಬಂತೆಂದು ಹೇಳುವ ಸರ್ವಿಸ್ ಎದ್ದಿದೆಯಾ, ಮಲಗಿದೆಯಾ ನೋಡು. ಕೊನೆಗೆ ಕಾರ್ಡು. ಒಂದು ಸಲ ಹೀಗೆ ಮೆಟ್ಟಿಲಿಳಿಯುತ್ತಾ ಬಂದಾಗ, ನಮ್ಮ ಪ್ರೋಗ್ರಾಮಿಗಿಂತ ಮುಂಚೆ ಇನ್ನೊಂದು ಪ್ರೋಗ್ರಾಮು ರೀಡರನ್ನು ಹಿಡಿದುಕೊಂಡು ಕೂತದ್ದು ಸಿಕ್ಕಿತು. "ಎರಡು ಕರ ಒಂದೇ ಮೊಲೆಗೆ ಬಿದ್ದವೆ ನೋಡು. ಒಂದನ್ನ ಕಟ್ಟಾಕು" ಎಂದರು. ನಾನು ಕಟ್ಟಿಹಾಕಿದೆ. ರೀಡರಿನ ಹಸಿರು ದೀಪ ಹತ್ತಿತು. ಎಷ್ಟೋ ಕಾಲದ ಮೇಲೆ ಅವತ್ತು ನಾನು ಎರಡು ತುತ್ತು ಹೆಚ್ಚಿಗೆ ಉಂಡೆನೆಂದು ಅಮ್ಮ ಹೇಳಿದಳು.

ಅಕ್ಕನೂ ಒಮ್ಮೆ ಮೆಟ್ಟಿಲು ಹಾರಿದ್ದುಂಟು. ಆಯುಧಪೂಜೆಯ ಮಾರನೆಯ ಬೆಳಿಗ್ಗೆ. ಹಿಂದಿನ ಸಂಜೆ ಅವರೇ ಕಂಪ್ಯೂಟರಿಗೆ ಹೊಸ ಅಪ್‌ಡೇಟ್ ಹಾಕಿದ್ದರು. ಬೆಳಿಗ್ಗೆ ನೋಡಿದರೆ ಒಂದು ಕಾರ್ಡೂ ಓದುತ್ತಿಲ್ಲ. ಸಾಲು ಬಾಗಿಲು ದಾಟಿ ಬೀದಿಗೆ ಬಂತು. ಕ್ಯಾನುಗಳನ್ನು ಒಯ್ಯುವ ವ್ಯಾನು ಬರುವ ಹೊತ್ತು. ಅಧ್ಯಕ್ಷರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತಾ ಒಳಗೆ ಬಂದು ನಿಂತರು. ಅಪ್‌ಡೇಟೇ ಡ್ರೈವರನ್ನು ಕೆಡಿಸಿದೆ ಎಂದು ಅಕ್ಕ ತೀರ್ಮಾನಿಸಿಬಿಟ್ಟಿದ್ದರು. ಡ್ರೈವರನ್ನು ತೆಗೆದರು, ಹಾಕಿದರು, ಹಳೆಯದನ್ನು ಹುಡುಕಿ ಕೂರಿಸಿದರು, ಸರ್ವಿಸನ್ನು ಎಬ್ಬಿಸಿದರು. ತಮ್ಮದೇ ಕಾರ್ಡು ಹಾಕಿ ನೋಡಿದರು. ಅದೂ ಮೂಕ. ಅವರ ಹಣೆಯಲ್ಲಿ ಬೆವರು ಕಂಡದ್ದು ಅದೇ ಮೊದಲು.

ಅವರ ಕಾರ್ಡನ್ನು ರೀಡರಿನಿಂದ ಎಳೆದವಳು ನಾನು. ಬೆರಳು ಕೆಂಪಾಯಿತು. ಕುಂಕುಮ. ನನ್ನಂಥವಳ ಕೈಯಲ್ಲಿ ಅದನ್ನು ಯಾರಾದರೂ ಕಂಡಾರೆಂದು ಬೆರಳನ್ನು ಗೋಡೆಗೆ ಉಜ್ಜುತ್ತಿದ್ದೆ.

"ಅದೇನ್ ಪಾಪ ಬೆರಳಾಗೆ?" ಎಂದರು ಅಕ್ಕ.

ಕೈ ತೋರಿಸಿದೆ. ಅವರು ಕಾರ್ಡನ್ನು ತಿರುಗಿಸಿ ನೋಡಿದರು. ಅವರ ಅತ್ತೆ ಪೂಜೆಯಲ್ಲಿ ಕುಡುಗೋಲು, ಬಕೆಟ್ಟು, ಕಾರ್ಡು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಕಾರ್ಡಿನ ಮೇಲೆ ಹಚ್ಚಲು ಚಿನ್ನದ ಬಣ್ಣದ ಚೌಕ ಒಂದು ಸಿಕ್ಕಿದ್ದರಿಂದ, ಸರಿಯಾಗಿ ಅದರ ನಡುವಿಗೇ. ಸಾಲಿನಲ್ಲಿದ್ದವರ ಕಾರ್ಡು ನೋಡಿದರೆ ಊರಿಗೆ ಊರೇ ಹಾಗೆ ಮಾಡಿತ್ತು. ಕಾರ್ಡಿನಲ್ಲಿ ಮಾತಾಡುವುದು ಆ ಚೌಕವೇ.

ಅಕ್ಕ ನಗತೊಡಗಿದರು. ಆದರೆ ಒರೆಸಿಕೊಡಿ ಎಂದರೆ ಯಾರೂ ಒಪ್ಪಲಿಲ್ಲ. "ವಿಜಯದಶಮಿ ದಿನ ಕುಂಕುಮ ಒರೆಸ್ತಾರೇನವ್ವ? ಲಕ್ಷ್ಮಿ ಅದು" ಎಂದು ಒಬ್ಬ ಅಜ್ಜಿ ಕಾರ್ಡನ್ನು ಎದೆಗೊತ್ತಿಕೊಂಡರು.

"ಒರೆಸಾಕಿಲ್ಲ ಕಣಜ್ಜಿ, ಎತ್ತಿ ಕೊಡ್ತೀನಿ. ಲಕ್ಷ್ಮಿಗೆ ಹಣೆಗಿಡ್ತೀರೋ, ಬಾಯಿಗ್ ತುರುಕ್ತೀರೋ? ಇದು ಅದ್ರ ಬಾಯಿ. ಬಾಯ್ ತುಂಬಾ ಕುಂಕುಮ ತುಂಬಿದ್ರೆ ನಿನ್ ಹೆಸ್ರು ಹೆಂಗ್ ಹೇಳ್ತದೆ?"

ಅಜ್ಜಿ ಕಾರ್ಡು ಕೊಟ್ಟರು. ಅಕ್ಕ ತಮ್ಮ ಗೆರೆಯಿಲ್ಲದ ತೋರುಬೆರಳಿಂದ ಚೌಕದ ಮೇಲಿನ ಕುಂಕುಮವನ್ನು ಮೆಲ್ಲಗೆ ಎತ್ತಿ ಅಜ್ಜಿಯ ಹಣೆಗೆ ಇಟ್ಟರು. ಉಳಿದ ಬಣ್ಣವನ್ನು, ಹಾಲು ಒಡೆಯುತ್ತದೆಯೇ ನೋಡಲು ಇಟ್ಟಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ತೆಗೆದರು. ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ, ಅದನ್ನೂ ಸ್ಪಿರಿಟ್ಟಿನಲ್ಲಿ ತೋಯಿಸಿ ರೀಡರಿನ ಒಳಗೆ ಆಡಿಸಿದರು. ಅಜ್ಜಿಯ ಹೆಸರು ಪರದೆಯ ಮೇಲೆ ಬಂತು. ಆಮೇಲೆ ಸಾಲು ಸರಸರ ಸಾಗಿತು. ಕುಂಕುಮ ಎತ್ತುವುದು, ಅವರವರ ಹಣೆಗಿಡುವುದು, ಹತ್ತಿಯಿಂದ ಚೊಕ್ಕ ಮಾಡುವುದು, ರೀಡರಿಗೆ ಹಾಕುವುದು.

ಅಮ್ಮನ ಹಸುವಿನ ಕಾರ್ಡು ನನ್ನ ಹೆಸರಿನಲ್ಲಿತ್ತು. ಅದಕ್ಕೂ ಅಮ್ಮ ಕುಂಕುಮ ಹಚ್ಚಿದ್ದಳು. ಅಕ್ಕ ಅದನ್ನು ಎತ್ತಿದರು. ಸುಮ್ಮನೆ ನೆಲಕ್ಕೆ ಕೊಡವುತ್ತಾರೆ ಎಂದುಕೊಂಡೆ. ನನ್ನ ಹಣೆಗೆ ಇಟ್ಟರು. ಉಳಿದವರಿಗೆ ಹೇಗೋ ಹಾಗೆಯೇ, ನಿಧಾನವಾಗಿಯೂ ಅಲ್ಲ, ಒತ್ತಿಯೂ ಅಲ್ಲ. ಸಾಲಿನಲ್ಲಿ ಯಾರೋ ನಾಲಿಗೆ ಲೊಚಗುಟ್ಟಿದರು. ಅಕ್ಕ ತಲೆಯೆತ್ತದೆ "ಮುಂದಿನ ಕಾರ್ಡ್ ಕೊಡ್ರವ್ವ, ವ್ಯಾನ್ ಬತ್ತದೆ" ಎಂದರು.

ಆ ಗಳಿಗೆಯಲ್ಲೂ ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಹೋಗಿ ಮುಖ ತೊಳೆಯುವಾಗ ಹಣೆಯನ್ನು ಬಿಟ್ಟು ತೊಳೆದೆ, ಅಷ್ಟೇ.

ಅಕ್ಕ ಹೋದದ್ದು ಈಚೆಗೆ. ಹಾಲು ತುಂಬಿಸುವಾಗ ಎದೆ ಹಿಡಿದುಕೊಂಡು ಕೂತರು. ಮಧುಗಿರಿಯ ಆಸ್ಪತ್ರೆಯಲ್ಲಿ ನೋಡಿ ತುಮಕೂರಿಗೆ ಕಳಿಸಿದರು. ಕೊರಟಗೆರೆ ದಾಟಲಿಲ್ಲ. ಸುದ್ದಿ ಬಂದಾಗ ನಾನು ಸಂಜೆಯ ಹಾಲಿನ ಲೆಕ್ಕ ಮುಗಿಸುತ್ತಿದ್ದೆ. ಮುಗಿಸಿದೆ. ಕಂಪ್ಯೂಟರು ಆರಿಸಿದೆ. ಬಾಗಿಲು ಹಾಕಿಕೊಂಡು ಅವರ ಮನೆಗೆ ಹೋಗಿ ಗೋಡೆಗೊರಗಿ ನಿಂತೆ. ಹಳೆಯ ಮಂಕು ಮತ್ತೆ ಬಂದು ಮೈಯಲ್ಲಿ ಕೂತಿತು. ಈ ಸಲವೂ ಜನ ನನ್ನ ಕಣ್ಣು ನೋಡಿ ಏನೋ ಆಡಿಕೊಂಡರು.

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಅಕ್ಕನ ಅತ್ತೆ ಹಾಲು ಹಿಡಿದು ಸಾಲಿನಲ್ಲಿ ನಿಂತಿದ್ದರು. ಮುಪ್ಪಾದ ಜೀವ, ಬಕೆಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು. "ಹಸ ಕೇಳ್ತದೇನವ್ವ, ಕರೀಲೇಬೇಕಲ್ಲ. ಇದ್ನ ನನ್ ಹೆಸ್ರಿಗೆ ಮಾಡ್ಕೊಡು" ಎಂದು ಬಕೆಟ್ಟು ಕೆಳಗಿಟ್ಟು ಅಕ್ಕನ ಕಾರ್ಡು ಚಾಚಿದರು. ಹೆಸರು ಬದಲಿಸಬೇಕಾದರೆ ಒಮ್ಮೆ ಆ ಕಾರ್ಡನ್ನು ಓದಿಸಲೇಬೇಕು. ತೂರಿಸಿದೆ. ದೀಪ ಹತ್ತಲಿಲ್ಲ.

ಅಧ್ಯಕ್ಷರು ಬಾಗಿಲಲ್ಲಿದ್ದರು. "ಆಯಮ್ಮನ್ ಜತೇಲೇ ಇದೂ ಹೋಯ್ತೇನೋ. ಇವತ್ತಿಂದ ನಂಬ್ರೇ ಬರ್ಕೊಂಬುಡಮ್ಮ, ಯಾಕ್ ಒದ್ದಾಡ್ತೀಯ" ಎಂದರು. ಅಣಕವಿರಲಿಲ್ಲ, ನನ್ನ ಮೇಲೆ ಕನಿಕರಪಟ್ಟೇ ಹೇಳಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಂತಮ್ಮ ಕಾರ್ಡು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

ಗೋಡೆಯಿಂದ ಬಂದೆ. ಪ್ಲಗ್ಗು ಸರಿಯಿದೆ. ವಯರು ಸರಿಯಿದೆ. ಕಂಪ್ಯೂಟರಿಗೆ ರೀಡರು ಕಾಣುತ್ತಿದೆ. ಡ್ರೈವರು ಕೂತಿದೆ. ಸರ್ವಿಸ್ ಎದ್ದಿದೆ. ಇನ್ನೊಂದು ಕರು ಬಾಯಿ ಹಾಕಿಲ್ಲ. ಉಳಿದದ್ದು ಕಾರ್ಡು. ಹೊರಗೆಳೆದು ತಿರುಗಿಸಿದೆ.

"ಎಡೆ ಇಟ್ಟಾಗ ಫೋಟೋ ಮುಂದ್ ಇಟ್ಟಿದ್ವಿ ಕಣವ್ವ, ಅವ್ಳ ಸಾಮಾನು ಅಂತ. ನನ್ ಮಗ್ನೇ ಕುಂಕುಮ ಹಚ್ದ" ಎಂದರು ಅತ್ತೆ. ಕಾರ್ಡಿನ ಕಡೆ ಕೈ ನೀಡಿ, "ಒರೆಸ್ತೀಯಾ?" ಎಂದು ಕೇಳಿದರು.

"ಇಲ್ಲಜ್ಜಿ, ಎತ್ತಿಕೊಳ್ತೀನಿ."

ನನ್ನ ಬೆರಳಿಗೆ ಗೆರೆಗಳಿವೆ. ಅಕ್ಕನ ಬೆರಳಿನಂತೆ ಒಂದೇ ಸಲಕ್ಕೆ ಅದು ಎತ್ತಲಿಲ್ಲ, ಕುಂಕುಮ ಗೆರೆಗಳ ಒಳಗೆ ಹೊಕ್ಕು ಕೂತಿತು. ಅದನ್ನು ನನ್ನ ಹಣೆಗೆ ಇಟ್ಟುಕೊಂಡೆ. ಸಾಲಿನಲ್ಲಿ ಯಾರೂ ಲೊಚಗುಟ್ಟಲಿಲ್ಲ, ಅಥವಾ ನನಗೆ ಕೇಳಿಸಲಿಲ್ಲ. ಹತ್ತಿ ಅದ್ದಿ ಚೌಕ ಚೊಕ್ಕ ಮಾಡಿ ತೂರಿಸಿದೆ. ಹಸಿರು ದೀಪ ಹತ್ತಿತು. ಪರದೆಯ ತುಂಬ ಅಕ್ಕನ ಹೆಸರು ಬಂದು ನಿಂತಿತು. ಅದನ್ನು ಅವರತ್ತೆಗೆ ಓದಿ ಹೇಳಿದೆ, ಅವರಿಗೆ ಓದು ಬರುತ್ತಿರಲಿಲ್ಲ. ಆಮೇಲೆ ಆ ಹೆಸರು ಅಳಿಸಿ, ಅವರ ಹೆಸರು ಬರೆದು, ಅದನ್ನೂ ಓದಿ ಹೇಳಿ, ಹಾಲು ಅಳೆದುಕೊಂಡೆ.

ಕೆಂಪಾದ ಬೆರಳನ್ನು ಗೋಡೆಗೆ ಉಜ್ಜದೆ ಸಾಲಿನ ಕಡೆ ಕೈ ಚಾಚಿದೆ.

"ಮುಂದಿನ ಕಾರ್ಡ್ ಕೊಡ್ರವ್ವ" ಎಂದೆ.