ಹೂದಾನಿಯ ಕೆಳಗಿನ ಹೊಲಿಗೆ ಮೆಷಿನ್

ಹೂಟಗಳ್ಳಿಯ ಆ ಎರಡು ಕೋಣೆಯ ಮನೆ ನೋಡಿದ ದಿನವೇ ನಾನು ಅದರ ಹಾಲ್‌ನ ಕಿಟಕಿಗೆ ಮನಸೋತಿದ್ದೆ. ಮುಂಗಡವನ್ನೂ ಕೊಟ್ಟಾಗಿತ್ತು. ಆದರೆ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಯಜಮಾನರ ಸಂಬಳವೊಂದನ್ನೇ ನೋಡಿ ಬ್ಯಾಂಕು ಕೊಡುವ ಸಾಲ ಆ ಮನೆಗೆ ಸಾಲುತ್ತಿರಲಿಲ್ಲ. ಹೆಂಡತಿ ಏನು ಮಾಡುತ್ತಾರೆ ಎಂದು ಬ್ಯಾಂಕಿನವರು ಕೇಳಿದ್ದಕ್ಕೆ ಇವರು, "ಮನೇಲೇ ಇರ್ತಾಳೆ ಸಾರ್. ಸುಮ್ನೆ ಬ್ಲೌಸ್ ಹೊಲೀತಾಳೆ" ಅಂದರಂತೆ. ಸುಮ್ಮನೆ! ಹದಿನೆಂಟು ವರ್ಷದ ಬೆನ್ನುನೋವು ಸುಮ್ಮನೆ ಬಂತೇ ಎಂದು ಅವತ್ತು ಇವರನ್ನು ಚೆನ್ನಾಗಿ ಜಾಡಿಸಿದೆ. ಹಾಗಂತ ನಾನೇನೂ ಕಮ್ಮಿಯಿಲ್ಲ. ಮಕ್ಕಳ ಶಾಲೆಯ ಅರ್ಜಿಯಿಂದ ಹಿಡಿದು 'ವೃತ್ತಿ' ಎಂದು ಕೇಳಿದಲ್ಲೆಲ್ಲ 'ಗೃಹಿಣಿ' ಎಂದು ಬರೆದವಳು ನಾನೇ.

ಸಂಬಳದ ಚೀಟಿ ಇಲ್ಲದವರ ಕೆಲಸವನ್ನು ಬ್ಯಾಂಕಿನವರು ಮನೆಗೇ ಬಂದು ನೋಡುತ್ತಾರಂತೆ. ನನ್ನ ಸಂಪಾದನೆ ನಿಜವೆಂದು ಅವರಿಗೆ ಅನ್ನಿಸಿದರೆ ಇವರ ಜೊತೆ ನಾನೂ ಸಾಲಕ್ಕೆ ಸಹಿ ಹಾಕಬಹುದು. ಇಲ್ಲದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ.

ಆಫೀಸರು ಮನೆಗೆ ಬರುತ್ತಾರೆ ಎಂದರೆ ನಮ್ಮಂಥವರು ಏನು ಮಾಡುತ್ತೇವೆ? ಮನೆ ಚೊಕ್ಕಟ ಮಾಡುತ್ತೇವೆ. ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯ ತುಂಬ ಹರಡಿದ್ದ ಗಿರಾಕಿಗಳ ಬಟ್ಟೆಯನ್ನೆಲ್ಲ ಮೂರು ಚೀಲಕ್ಕೆ ತುರುಕಿ ಪಕ್ಕದ ಮನೆಯಲ್ಲಿಟ್ಟೆ. ಚೂರು, ದಾರ ಎಲ್ಲ ಗುಡಿಸಿ ಎಸೆದೆ. ಮೆಷಿನ್ ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟೆ. ಯಾರಾದರೂ ಬಂದು ಮಾನ ಕಳೆದಾರು ಎಂದು ಬಾಗಿಲಿಗೆ 'ಇಂದು ರಜ' ಎಂದು ಬರೆದ ರಟ್ಟು ತೂಗುಹಾಕಿದೆ. ಕೇಸರಿಬಾತ್ ಮಾಡಿ, ರೇಷ್ಮೆ ಸೀರೆ ಉಟ್ಟು ಕೂತೆ. ಇವರೂ ಕಾರ್ಖಾನೆಗೆ ರಜ ಹಾಕಿ ಮನೆಯಲ್ಲೇ ಇದ್ದರು.

ಬಂದ ಆಫೀಸರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸುತ್ತ ನೋಡಿ, "ಟೈಲರಿಂಗ್ ಎಲ್ಲಿ ಮಾಡ್ತೀರಾ ಮೇಡಂ?" ಎಂದರು. ಹೂದಾನಿ ತೋರಿಸಿದೆ.

"ಹೊಲಿಯೋಕೆ ಬಂದಿರೋ ಬಟ್ಟೆ?"

"ಪಕ್ಕದ ಮನೇಲಿದೆ."

"ಗಿರಾಕಿಗಳು?"

"ಇವತ್ತು ಬರಬೇಡಿ ಅಂತ ಬೋರ್ಡ್ ಹಾಕಿದೀನಿ."

ನನ್ನ ಕಿವಿಗೇ ಅದು ಹಸಿ ಸುಳ್ಳಿನಂತೆ ಕೇಳಿಸಿತು. ಆಕೆ ಪೆನ್ನಿನ ಮುಚ್ಚಳ ಹಾಕಿದರು. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳ!

ಅಷ್ಟರಲ್ಲಿ ಬಾಗಿಲ ರಟ್ಟನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಹಿಂದಿನ ಬೀದಿಯ ಅಕ್ಕ ಒಳನುಗ್ಗಿದರು. ನನ್ನ ಹಳೇ ಗಿರಾಕಿ, ಬಾಯಿ ಜೋರು. "ರಜ ಅಂತ ಬರ್ದು ನೇತಾಕ್ಬುಟ್ರೆ ನನ್ನ ಬ್ಲೌಸು ತಾನೇ ಹೊಲ್ಕೊಂಬುಡ್ತದೇನಮ್ಮಾ? ನಾಳಿದ್ದು ಮದುವೆ ಕಣಮ್ಮ! ಹನ್ನೆರಡು ವರ್ಷದಿಂದ ಹೊಲಿಸ್ತಾ ಇದ್ದೀನಿ, ಒಂದ್ಸಲನಾದ್ರೂ ಹೇಳಿದ್ ದಿನಕ್ಕೆ ಕೊಟ್ಟಿದ್ದೀಯಾ?"

ಪೆನ್ನಿನ ಮುಚ್ಚಳ ತೆರೆಯಿತು. "ಯಾಕೆ ಲೇಟ್ ಮಾಡ್ತಾರೆ?" ಎಂದು ಆಫೀಸರು ಅಕ್ಕನನ್ನೇ ಕೇಳಿದರು.

"ಯಾಕಾ? ನಮ್ ಬೀದಿಯವ್ರು, ಆಚೆ ಬೀದಿಯವ್ರು, ಎಲ್ರೂ ಇವ್ಳ ಹತ್ರಾನೇ ಬಂದು ಬೀಳ್ತಾರೆ ಕಣ್ರೀ. ಕೈಗುಣ ಅಂಥದ್ದು. ಅದಕ್ಕೇ ಇಷ್ಟು ಕೊಬ್ಬು!"

ಬೈಸಿಕೊಂಡು ಅಷ್ಟು ಹಿಗ್ಗಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಇನ್ನೂ ನಾಲ್ಕು ಮಾತು ಬೈಯಲಿ ಎಂದು ತೆಪ್ಪಗೆ ನಿಂತಿದ್ದೆ. ನಮ್ಮ ಯಜಮಾನರು ಪಕ್ಕದ ಮನೆಗೆ ಓಡಿಹೋಗಿ ಮೂರೂ ಚೀಲ ಹೊತ್ತು ತಂದು ಆಫೀಸರ ಮುಂದೆ ಸುರಿದರು. ಆಕೆ ಹೂದಾನಿ ಎತ್ತಿಟ್ಟು, ನನ್ನನ್ನು ರೇಷ್ಮೆ ಸೀರೆಯಲ್ಲೇ ಮೆಷಿನ್ ಮುಂದೆ ಕೂರಿಸಿ ಫೋಟೊ ತೆಗೆದರು. ಆಮೇಲೆ ಸಾಲದ ಅರ್ಜಿಯಲ್ಲೂ ನಾನು ಅಭ್ಯಾಸಬಲದಿಂದ ಬರೆದಿದ್ದ 'ಗೃಹಿಣಿ'ಯನ್ನು ಹೊಡೆದುಹಾಕಿ 'ಟೈಲರ್, ಸ್ವಂತ ಉದ್ಯೋಗ' ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ ಎಂದರು. ನನಗೆ ಕಣ್ಣು ತುಂಬಿಬಂತು. ಅಕ್ಕನಿಗೆ ಮಾತ್ರ ಬ್ಲೌಸಿನದೇ ಚಿಂತೆ.

ಸಾಲ ಸಿಕ್ಕಿತು. ಹದಿನೈದು ವರ್ಷ, ತಿಂಗಳು ತಿಂಗಳು ಕಂತು. ತೀರುವವರೆಗೂ ಮನೆಯ ಪತ್ರ ಬ್ಯಾಂಕಿನಲ್ಲೇ ಇರುತ್ತದೆ. ಇರಲಿ ಬಿಡಿ, ನಮ್ಮ ಬೀರುವಿಗಿಂತ ಅಲ್ಲೇ ಅದು ಭದ್ರ.

ಗೃಹಪ್ರವೇಶವಾದ ವಾರಕ್ಕೆ ಇವರ ಕಡೆಯ ನೆಂಟರು ಮನೆ ನೋಡಲು ಬರುವವರಿದ್ದರು. ಕಿಟಕಿಯ ಪಕ್ಕದಲ್ಲಿ ಮೆಷಿನ್, ಸುತ್ತ ನೆಲದ ತುಂಬ ಬಟ್ಟೆ. "ಇದನ್ನೆಲ್ಲ ಒಳಗಿಟ್ಬುಡ್ಲಾ?" ಎಂದು ಇವರು ಕೇಳಿದರು.

"ಅಲ್ಲೇ ಇರ್ಲಿ ಬುಡ್ರೀ" ಎಂದೆ. "ನೋಡ್ಲಿ."