ಸಿಮಿಲಿ ಕಲಿಸಿದವರು

ಮುರಗೋಡದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಿಜಗುಣಪ್ಪ ಮಾಸ್ತರರು ಹದಿನೆಂಟು ವರ್ಷ ಒಬ್ಬರೇ ಇಂಗ್ಲಿಷ್ ಕಲಿಸಿದ್ದರು. ಸಿಮಿಲಿ, ಮೆಟಫರ್, ಸಾನೆಟ್ ಎಲ್ಲಕ್ಕೂ ಅವರದೊಂದು ಹಳೆಯ ನೋಟ್ಸು. ಅವರು ಹೇಳಬೇಕು, ಹುಡುಗರು ಬರಕೊಂಡು ಬಾಯಿಪಾಠ ಮಾಡಬೇಕು.

೧೯೯೮ರ ಜೂನಿನಲ್ಲಿ ರೇಣು ಎಂಬ ಇಪ್ಪತ್ನಾಲ್ಕರ ಹುಡುಗಿ ಎರಡನೆಯ ಇಂಗ್ಲಿಷ್ ಟೀಚರಾಗಿ ಬಂದಳು. ಹತ್ತನೆಯ ವರ್ಗದ ಒಂದು ತುಕಡಿ ಅವಳ ಪಾಲಾಯಿತು. ಒಂದು ದಿನ ಗೋಡೆಯಾಚೆಯಿಂದ ನಗು ಕೇಳಿಸಿತು. ಇಂಗ್ಲಿಷ್ ತಾಸಿನಲ್ಲಿ ನಗು! ಮಾಸ್ತರರು ಚಾಕ್ ತರುವ ನೆವದಲ್ಲಿ ಎದ್ದು ಅವಳ ಕಿಟಕಿಯ ಮಗ್ಗುಲಿಗೆ ನಿಂತರು.

"ನಿಮ್ಮವ್ವ ಸಿಟ್ಟಿಗೆದ್ರ ಹೆಂಗ ಕಾಣ್ತಾಳ?" ರೇಣು ಕೇಳುತ್ತಿದ್ದಳು.

"ಕಾದ ಹಂಚಿನಂಗ್ರಿ!" ಅಂದಳು ಮೀನಾ ಎಂಬ ಹುಡುಗಿ.

"ಅದ ನೋಡು ಸಿಮಿಲಿ. ಇನ್ನ ಆ 'ಹಂಗ' ತಗದು ಹೇಳು."

"ನಮ್ಮವ್ವ ಕಾದ ಹಂಚು!"

"ಇದು ಮೆಟಫರ್."

ಮಾಸ್ತರರು ಚಾಕ್ ಮರೆತು ತಮ್ಮ ವರ್ಗಕ್ಕೆ ಮರಳಿದರು. ಇಷ್ಟು ವರ್ಷ ತಮಗೆ ವ್ಯಾಖ್ಯೆ ಗೊತ್ತಿತ್ತು, ಸಂಗತಿ ತಿಳಿದದ್ದು ಇವತ್ತೇ. ಆ ನಾಚಿಕೆ ಸಂಜೆಯೊಳಗೆ ಸಿಟ್ಟಾಯಿತು. ಮರುದಿನ ಹೆಡ್‌ಮಾಸ್ತರ ಮಡಿವಾಳೆಪ್ಪನವರ ಮುಂದೆ ಕುಳಿತು, "ಇಂಗ್ಲಿಷ್ ತಾಸಿನ್ಯಾಗ ಬರೇ ಕನ್ನಡ ಮಾತಾಡಸ್ತಾರ್ರಿ. ರಿಜಲ್ಟ್ ಕೆಟ್ರ ಯಾರ ಹೊಣಿ?" ಅಂದರು. ವಾರದೊಳಗೆ ಹತ್ತನೆಯ ಎರಡೂ ತುಕಡಿ ಅವರಿಗೇ ಬಂದವು. ರೇಣುವಿಗೆ ಎಂಟನೆಯ ವರ್ಗ ಉಳಿಯಿತು.

ಚಾಡಿ ಹೇಳಿದ್ದು ಯಾರೆಂದು ಅವಳಿಗೆ ತಿಳಿಯಲಿಲ್ಲ. ತಾನಾಗಿ ಬಂದು ಒಂದು ನೋಟ್‌ಬುಕ್ ಕೊಟ್ಟಳು. "ಸರ್, ನಾ ಬರದಿಟ್ಟ ಉದಾಹರಣೆ ಅದಾವ್ರಿ. ಹುಡುಗ್ರಿಗೆ ಬೇಕಾಗ್ತಾವ."

ಮನೆಯಲ್ಲಿ ಅದನ್ನು ತೆರೆದರು. ಹದಿನಾಲ್ಕು ಸಾಲಿನ ಸಾನೆಟ್ ಎಂದರೆ ಪಂಚರ ಮುಂದೆ ಒಯ್ದ ತಕರಾರು, ಮೊದಲ ಎಂಟು ಸಾಲಿನಲ್ಲಿ ದೂರು, ಕೊನೆಯ ಆರರಲ್ಲಿ ತೀರ್ಪು ಎಂದು ಬರೆದಿದ್ದಳು. ಇದು ನನಗ್ಯಾಕೆ ಹೊಳೆಯಲಿಲ್ಲ ಎಂದು ಅವರಿಗೆ ಊಟ ಸೇರಲಿಲ್ಲ. ಮರುದಿನದಿಂದ ಅದನ್ನೇ ಕಲಿಸಿದರು, ತಮ್ಮದೆನ್ನುವಂತೆ.

ಮರುವರ್ಷ ರೇಣುವಿಗೆ ರಾಮದುರ್ಗಕ್ಕೆ ವರ್ಗಾವಣೆಯಾಯಿತು. ಮಾಸ್ತರರ ಹೆಸರು ಮಾತ್ರ ಸವದತ್ತಿಯ ತನಕ ಹಬ್ಬಿತು. ೨೦೦೭ರಲ್ಲಿ ಅವರ ನಿವೃತ್ತಿಯ ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿ ಶ್ರೀಶೈಲ, "ಇಂಗ್ಲಿಷ್ ಪದ್ಯಾನ ನಮ್ಮ ಮನಿ ಮಾತಿನ್ಯಾಗ ಬಿಡಿಸಿ ಹೇಳಿದವರು ಇವರೊಬ್ಬರ," ಎಂದು ಕಣ್ಣು ತುಂಬಿಕೊಂಡ. ಮಾಸ್ತರರು ಮೈಕಿನ ಮುಂದೆ ನಿಂತು ಒಂದು ಹೆಸರು ಹೇಳಲು ಬಾಯಿ ತೆರೆದರು. ಆದರೆ "ಎಲ್ಲಾರಿಗೂ ಶರಣ್ರಿ," ಎಂದು ಕುಳಿತುಬಿಟ್ಟರು.

"ಇಷ್ಟು ಮಂದಿ ಹೊಗಳ್ಯಾರ, ಮಾರಿ ಯಾಕ ಸಣ್ಣ ಮಾಡೀರಿ?" ಮನೆಯಲ್ಲಿ ಹೆಂಡತಿ ತಂಗೆವ್ವ ಕೇಳಿದಳು.

"ಆಕಿ ಇನ್ನೂ ಇಪ್ಪತ್ತೈದು ವರ್ಷ ಕಲಿಸ್ತಾಳ," ಅಂದರು ಮಾಸ್ತರರು.

"ಯಾರ್ರಿ ಆಕಿ?"

ಸಭೆಯಲ್ಲಿ ತಮಗೆ ಹೊದಿಸಿದ ಶಾಲನ್ನು ಮಡಚಿ ಅವರು ರೇಣುವಿನ ಹಳೆಯ ನೋಟ್‌ಬುಕ್ಕಿನ ಮೇಲಿಟ್ಟರು.